ಬಗ್ಗಿ ನೋಡಿದ ಬಂದೂಕು

ಸ್ಟುಡಿಯೋದಲ್ಲಿ ಅವನನ್ನು ಎಲ್ಲರೂ ಬಂದೂಕಜ್ಜ ಎಂದೇ ಕರೆಯುತ್ತಿದ್ದರು. ಅಸಲಿಗೆ ಬಡಗಿ. ಕುರ್ಚಿಯ ಕಾಲು ಕೆತ್ತುತ್ತಿದ್ದ ಕೈ, ಯುದ್ಧಕಾಲದ ಎಡಬಿಡಂಗಿ ಸಿಪಾಯಿಗಳ ಹಾಸ್ಯ ಧಾರಾವಾಹಿ ಶುರುವಾದ ಮೇಲೆ ಬಂದೂಕಿನ ನಳಿಗೆ ಕೆತ್ತತೊಡಗಿತು. ಕವಾಯತಿಗೆ ಮರದ ಬಂದೂಕು. ಬಿದ್ದು ಹೊರಳಾಡುವ ದೃಶ್ಯಕ್ಕೆ, ಯಾರಿಗೂ ಪೆಟ್ಟಾಗದಂತೆ, ರಬ್ಬರಿನದು. ಎರಡಕ್ಕೂ ಒಂದೇ ಬಣ್ಣ, ಒಂದೇ ಹೊಳಪು. ಯಾವುದು ಯಾವುದೆಂದು ಅವನೇ ಮುಟ್ಟಿ ಹೇಳಬೇಕು. ಆ ಹೆಮ್ಮೆಗೆ ಅವನು ನೆಲದಿಂದ ಒಂದು ಗೇಣು ಮೇಲೆಯೇ ನಡೆಯುತ್ತಿದ್ದ.

ಹೆಂಡತಿ ಮಾತ್ರ ಮೂಗು ಮುರಿಯುತ್ತಿದ್ದಳು. “ಕುರ್ಚಿ ಮಾಡಿದ್ರೆ ಯಾರಾದ್ರೂ ಕೂತ್ಕೋತಾರೆ. ಗುಂಡು ಹಾರದ ಬಂದೂಕು ಮಾಡಿ ಯಾರನ್ನ ಹೆದರಿಸ್ತೀರಿ?”

“ಒಂದ್ಸಲ ಬಂದು ನೋಡೇ, ಆಮೇಲೆ ಮಾತಾಡು.”

ಅವಳು ಬರಲು ಒಪ್ಪಿದ ದಿನವೇ ಎಡವಟ್ಟಾಗಬೇಕೆ? ಹೊಸದಾಗಿ ಬಂದ ನಿರ್ದೇಶಕ ಹಿಂದಿನ ಸಂಜೆ ಅವನನ್ನು ತಡೆದು ನಿಲ್ಲಿಸಿದ್ದ. “ಅಜ್ಜ, ನಾಳೆ ಕವಾಯತು. ಶೂಟಿಂಗ್ ನೋಡೋಕೆ ಜನ ಎದುರಿಗೇ ಕೂತಿರ್ತಾರೆ. ನಿಮ್ಮ ಬಂದೂಕು ಆಟದ ಸಾಮಾನಿನ ಥರ ಕಂಡ್ರೆ, ಮುಂದಿನ ವಾರದಿಂದ ಹೊರಗಡೆಯಿಂದ ತರಿಸ್ತೀನಿ.”

ಬಂದೂಕಜ್ಜನ ಮೈ ಉರಿದುಹೋಯಿತು. ಬೆಳಗಾಗುತ್ತಲೇ ಬಂದು ಮರದ ಬಂದೂಕುಗಳಿಗೆ ಇನ್ನೊಂದು ಕೈ ವಾರ್ನಿಷ್ ಬಳಿದ. ಬೇಕಿರಲಿಲ್ಲ, ಮೊದಲೇ ಕನ್ನಡಿಯಂತಿದ್ದವು. ಹಟ ಕೇಳಬೇಕಲ್ಲ. ಜನ ಬಂದು ಕೂರುವ ಹೊತ್ತಿಗೆ ಮುಟ್ಟಿ ನೋಡಿದರೆ ಬೆರಳಿಗೆಲ್ಲ ಅಂಟು. ಬೇರೆ ದಾರಿ ಕಾಣದೆ ಸಿಪಾಯಿಗಳಿಗೆ ರಬ್ಬರಿನವನ್ನೇ ಹಂಚಿದ.

“ಅಲ್ಲಾಡಿಸಬೇಡ್ರಪ್ಪಾ, ನಿಮಗೆ ಕೈ ಮುಗೀತೀನಿ.”

ದೀಪಗಳು ಧಗ್ಗನೆ ಹತ್ತಿದವು. ಸಿಪಾಯಿಗಳು ಬಂದೂಕನ್ನು ಎದೆಗೆ ನೆಟ್ಟಗೆ ಹಿಡಿದು ಸೆಟೆದು ನಿಂತರು. ಮುಂದಿನ ಸಾಲಿನಲ್ಲಿ ಹೆಂಡತಿ. ನಳಿಗೆಗಳು ಉಕ್ಕಿನಂತೆ ಮಿಂಚುತ್ತಿದ್ದವು! ಪರದೆಯ ಮರೆಯಲ್ಲಿದ್ದ ಬಂದೂಕಜ್ಜ ಉಬ್ಬಿಹೋದ. ಗಿರಿಜಾ ಮೀಸೆಯ ಸುಬೇದಾರನ ಪಾತ್ರಧಾರಿ ಶೌರ್ಯದ ಭಾಷಣ ಶುರುಮಾಡಿದ.

ಭಾಷಣ ಉದ್ದವಾಯಿತು. ದೀಪದ ಕಾವಿಗೆ ಕೊನೆಯ ಸಿಪಾಯಿಯ ಬಂದೂಕು ಮೆತ್ತಗಾಗಿ, ಬಾಡಿದ ದಂಟಿನಂತೆ ಮೆಲ್ಲಮೆಲ್ಲಗೆ ಬಾಗಿ, ಪಕ್ಕದವನ ಕಿವಿಗೆ ಒರಗಿತು.

ಸುಬೇದಾರನ ಮಾತು ನಿಂತಿತು. ನೆಲ ಬಾಯಿ ಬಿಡಬಾರದೇ ಅನ್ನಿಸಿತು ಬಂದೂಕಜ್ಜನಿಗೆ. ಸುಬೇದಾರ ಹತ್ತಿರ ಬಂದು ಬೆರಳ ತುದಿಯಿಂದ ನಳಿಗೆಯನ್ನು ಎತ್ತಿ ನಿಲ್ಲಿಸಿದ. ಅದು ಮತ್ತೆ ಒರಗಿತು.

“ಏನಯ್ಯಾ ಇದು?”

ಸಿಪಾಯಿ ಕಣ್ಣು ಮಿಟುಕಿಸದೆ, “ಶತ್ರು ಎಲ್ಲಿದಾನೆ ಅಂತ ಬಗ್ಗಿ ನೋಡ್ತಿದೆ ಸಾರ್,” ಎಂದ.

ನಗೆ ಕಟ್ಟೆಯೊಡೆಯಿತು. ಜನ ಕುರ್ಚಿಯಿಂದ ಜಾರಿ ಬಿದ್ದು ನಕ್ಕರು. ಅಷ್ಟು ಗದ್ದಲದಲ್ಲೂ ಒಂದು ನಗೆಯನ್ನು ಬಂದೂಕಜ್ಜ ಗುರುತು ಹಿಡಿದ. ಅವಳು ಹೀಗೆ ಹೊಟ್ಟೆ ಹಿಡಿದುಕೊಂಡು ನಕ್ಕದ್ದನ್ನು ಅವನು ಕಂಡೇ ಇರಲಿಲ್ಲ.

ನಿರ್ದೇಶಕ ಕಣ್ಣೊರೆಸಿಕೊಳ್ಳುತ್ತಾ ಓಡಿಬಂದ. “ಅಜ್ಜ, ಬೇಕಂತಾನೇ ಮಾಡಿದ್ರಾ?”

“ಇಲ್ಲಪ್ಪ. ವಾರ್ನಿಷ್ ಒಣಗ್ಲಿಲ್ಲ.”

“ಹೊರಗಿನ ಬಂದೂಕು ಯಾರಿಗೆ ಬೇಕು? ಮುಂದಿನ ವಾರಕ್ಕೂ ಇಂಥದ್ದೇ ಕೊಡಿ. ಆದ್ರೆ ನಾನು ಹೇಳಿದಾಗ ಬಾಗ್ಬೇಕು.”

“ಇಡೀ ಆಯಸ್ಸು ನೆಟ್ಟಗೆ ಮಾಡೋದ್ರಲ್ಲೇ ಹೋಯ್ತಲ್ಲೋ,” ಎಂದು ಬಂದೂಕಜ್ಜ ಗೊಣಗಿದ.

ಮನೆಯ ದಾರಿಯಲ್ಲಿ ಹೆಂಡತಿ ಇನ್ನೂ ಕಿಸಿಕಿಸಿ ನಗುತ್ತಿದ್ದಳು. “ನಿಮ್ಮ ಬಂದೂಕು ಹೆದರಿಸ್ಲಿಲ್ಲ ಬಿಡಿ, ನಕ್ಕೂ ನಕ್ಕೂ ನನ್ನ ಪಕ್ಕೆಲುಬು ಮುರೀತು.”

ಅವನ ಕಿವಿಗೆ ಅದು ಬೀಳಲೇ ಇಲ್ಲ. ನಳಿಗೆಯೊಳಗೆ ತಂತಿ ಎಲ್ಲಿಂದ ಎಳೆದರೆ ಹೇಗೆ ಬಾಗುತ್ತದೆ ಎಂದು ತೋರುಬೆರಳನ್ನು ಮಡಚಿ, ನೆಟ್ಟಗೆ ಮಾಡಿ, ಮತ್ತೆ ಮಡಚಿ ನೋಡುತ್ತಾ ಅವನು ದಾಪುಗಾಲು ಹಾಕುತ್ತಿದ್ದ.