ಹೊಳೆಯುವ ಕಾವಲಿ ಮತ್ತು ನನ್ನ ಸಮಚಿತ್ತ

ನನಗೆ ದೊಡ್ಡ ವಿಷಯಗಳಿಗೆ ಕೋಪ ಬರುವುದಿಲ್ಲ. ವಾರವಿಡೀ ನಲ್ಲಿಯಲ್ಲಿ ನೀರು ಬರದಿದ್ದರೂ, ಬಂಡೀಪುರದ ದಾರಿಯಲ್ಲಿ ಬಸ್ಸು ಕೆಟ್ಟು ನಿಂತರೂ ನಾನು ಶಾಂತಳೇ. ಸಕ್ಕರೆ ಡಬ್ಬಿಯೊಳಗೆ ಒದ್ದೆ ಚಮಚ ಕಂಡರೆ ಮಾತ್ರ ಕಿವಿ ಬಿಸಿಯಾಗುತ್ತದೆ. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಹಾಗೆ ಹತ್ತರವರೆಗೆ ಎಣಿಸಲು ಹೊರಡುತ್ತೇನೆ. ಏಳಕ್ಕೆ ಬರುವಷ್ಟರಲ್ಲಿ ಬೈದು ಮುಗಿದಿರುತ್ತದೆ.

ಹಾಗಾಗಿ ಚಾಮರಾಜನಗರದ ನಮ್ಮ ಬಡಾವಣೆಗೆ ಎಲ್ಲರೂ ಭಂತೇಜಿ ಎನ್ನುವ ಬೌದ್ಧ ಭಿಕ್ಷುವೊಬ್ಬರು ಬಂದು ಭಾನುವಾರಗಳಂದು ಧ್ಯಾನ ಕಲಿಸತೊಡಗಿದಾಗ ಮೊದಲ ಸಾಲಿನಲ್ಲೇ ಕುಳಿತೆ. ಮೈತ್ರಿ, ಕರುಣೆ, ಮುದಿತೆ, ಸಮಚಿತ್ತ ಎಂದು ನಾಲ್ಕು ಗುಣಗಳನ್ನು ಹೇಳಿದರು. ಮುದಿತೆಯೆಂದರೆ ಪರರ ಸುಖಕ್ಕೆ ಹಿಗ್ಗುವುದಂತೆ. ಎದುರುಮನೆಯ ಹೊಸ ವಾಷಿಂಗ್ ಮಷೀನ್ ನೆನಪಾಗಿ ಅದನ್ನು ಸದ್ಯಕ್ಕೆ ಮುಂದೂಡಿದೆ. ಕರುಣೆ, ಸಮಚಿತ್ತ ಸುಲಭವೆನಿಸಿದವು.

ಶುಕ್ರವಾರವೇ ಪರೀಕ್ಷೆ ಬಂತು. ಎಂಟು ವರ್ಷಗಳಿಂದ ನಮ್ಮ ಮನೆಗೆಲಸಕ್ಕೆ ಬರುವ ಮಾದೇವಿ ಹರವೆ ಕಡೆಯವಳು. ಗೌರಿ ಹಬ್ಬ ಹತ್ತಿರವಾಯಿತೆಂದು, ನಾನು ಮರೆತು ಸಿಂಕಿನಲ್ಲಿ ಬಿಟ್ಟಿದ್ದ ಕಬ್ಬಿಣದ ದೋಸೆ ಕಾವಲಿಯನ್ನು ಇಟ್ಟಿಗೆ ಪುಡಿ ಹಾಕಿ ಉಜ್ಜಿ ಕನ್ನಡಿ ಮಾಡಿಟ್ಟಿದ್ದಳು. ಅಮ್ಮ ಕೊಟ್ಟ ಕಾವಲಿ, ಇಪ್ಪತ್ತು ವರ್ಷ ಎಣ್ಣೆ ಕುಡಿದು ಪಳಗಿದ್ದು. ಮಣ್ಣಿನ ಹಂಚಿನಲ್ಲಿ ರೊಟ್ಟಿ ಸುಡುವ ಮಾದೇವಿಗೆ ಅದರ ಕಪ್ಪು ಬರೀ ಮಸಿ.

ಇನ್ನು ಇದರಲ್ಲಿ ದೋಸೆ ಏಳುವುದಿಲ್ಲವೆಂದು ಹೇಳಿ ನಾನು ಮುಗುಳ್ನಕ್ಕೆ. "ಪರವಾಗಿಲ್ಲ ಮಾದೇವಿ, ಯಾವುದೂ ಶಾಶ್ವತ ಅಲ್ಲ" ಎಂದೆ. ಕರುಣೆ ಇನ್ನೂ ಉಳಿದಿತ್ತು. ಹೊರಟವಳನ್ನು ನಿಲ್ಲಿಸಿ ಅರಿಶಿನ ಕುಂಕುಮ, ಬಾಳೆಹಣ್ಣು, ಒಂದು ರವಿಕೆ ಕಣ ಕೊಟ್ಟೆ. ಅವಳು ಒಂದು ಗಳಿಗೆ ನನ್ನ ಮುಖವನ್ನೇ ನೋಡಿ ಹೋದಳು.

ಶನಿವಾರ ಬರಲಿಲ್ಲ, ಸೋಮವಾರವೂ ಇಲ್ಲ. ಅವಳ ಮನೆ ಪಕ್ಕದ ಅಂಗಡಿಯ ಕಾಯಿನ್ ಬಾಕ್ಸಿಗೆ ಫೋನ್ ಮಾಡಿದರೆ, "ಮಾದೇವಕ್ಕನ್ನ ಕೆಲ್ಸದಿಂದ ಬುಡ್ಸುಬುಟ್ರಂತಲ್ಲಾ?" ಎಂದು ಅಂಗಡಿಯವನು ನನ್ನನ್ನೇ ಕೇಳಿದ. ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಮಾದೇವಿ ಜಗಲಿಯಲ್ಲಿ ಮಂಡಿಗೆ ಎಣ್ಣೆ ತಿಕ್ಕುತ್ತ ಕುಳಿತಿದ್ದಳು. ನಾಳೆಯಿಂದ ಗುಂಡ್ಲುಪೇಟೆ ಕಡೆ ಚೆಂಡುಹೂ ಕುಯ್ಯಲು ಹೋಗುವುದಾಗಿ ಒಪ್ಪಿಕೊಂಡಿದ್ದಳಂತೆ. ಆ ಮಂಡಿಯಲ್ಲಿ, ದಿನವಿಡೀ ಬಗ್ಗಿ!

"ಇನ್ನೇನ್ ಮಾಡ್ಲಿ ಅಕ್ಕಾವ್ರೇ? ಎಂಟು ವರ್ಸದಲ್ಲಿ ಸಣ್ಣ ಲೋಟ ಒಡುದ್ರೂ ಬೈದಿದ್ದೀರಿ. ಅವತ್ತು ಅಷ್ಟು ದೊಡ್ ತಪ್ಪಿಗೆ ನಗ್ತಾ ನಿಂತ್ಕಂಡ್ರಿ. ಮ್ಯಾಕೆ ಅರಿಸ್ನ ಕುಂಕ್ಮ, ಕಣ. ಓಗು ಅಂತ ಬಾಯ್ಬುಟ್ಟು ಏಳ್ನಾರ್ದೆ ಮರ್ವಾದೆಯಾಗಿ ಕಳುಸ್ತಾವ್ರೆ ಅನ್ಕಂಡೆ."

ಮಾದೇವಿ ಎಣ್ಣೆ ಬಟ್ಟಲನ್ನು ಪಕ್ಕಕ್ಕಿಟ್ಟು ನನ್ನ ಕಡೆ ತಿರುಗಿದಳು.

"ನಿಜ ಏಳಿ, ಕ್ವಾಪ ಬಂದಿತ್ತಾ ಇಲ್ವಾ?"

"ಬಂದಿತ್ತು."

"ಮತ್ತೆ ಯಾಕ್ ನುಂಗುದ್ರಿ?"

ಅಲ್ಲೇ ಜಗಲಿಯ ಮೇಲೆ ಕುಳಿತು ಮೂರು ದಿನದ್ದನ್ನೂ ಸೇರಿಸಿ ಬೈದೆ. ದೋಸೆ ಹರಿದು ಉಪ್ಪಿಟ್ಟಿನಂತಾದದ್ದನ್ನೂ ಹೇಳಿದೆ. ಪಕ್ಕದ ಮನೆಯವರು ಇಣುಕಿದರು. ಮಾದೇವಿ ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಂಡು, "ಅಂತಾ ವಸ್ತುವ ಸಿಂಕಲ್ ಬುಡೋರು ಯಾರು ಮತ್ತೆ? ನಿಮ್ದೂ ತಪ್ಪೇ ಕನಕ್ಕ" ಎಂದು ನನಗೂ ಒಂದು ಕೊಟ್ಟಳು. ಆಮೇಲೆ ಎದ್ದು ಕಾಫಿಗಿಟ್ಟಳು. ಚೆಂಡುಹೂವಿನ ಮೇಸ್ತ್ರಿಗೆ ಬರುವುದಿಲ್ಲವೆಂದು ಸಂಜೆಯೇ ಹೇಳಿ ಕಳಿಸಿದಳು.

ಯೋಚಿಸಿದರೆ, ಆ ಶುಕ್ರವಾರ ನಾನು ಗಮನಿಸಿದ್ದು ನನ್ನ ಮುಗುಳ್ನಗೆಯನ್ನೇ ಹೊರತು ಮಾದೇವಿಯ ಮುಖವನ್ನಲ್ಲ. ನೋಡಿದ್ದರೆ ಅವಳ ಹೆದರಿಕೆ ಅಲ್ಲೇ ಕಾಣುತ್ತಿತ್ತು.

ಈಗಲೂ ಧ್ಯಾನ ಬಿಟ್ಟಿಲ್ಲ. ಮೊನ್ನೆ ಅಡುಗೆಮನೆಯಲ್ಲಿ ಏನೋ ಬಿದ್ದು ಒಡೆದ ಸದ್ದಾಯಿತು. ನಾನು ಕಣ್ಣು ಮುಚ್ಚಿಕೊಂಡೆ. ಒಳಗಿನಿಂದ ಮಾದೇವಿ ಕೂಗಿದಳು: "ಅಕ್ಕಾವ್ರೇ, ಮೊದ್ಲು ಬೈದ್ಬುಡಿ, ಆಮ್ಯಾಕೆ ಕಣ್ ಮುಚ್ಕಳಿ!"

ಆ ಕ್ರಮದಲ್ಲೇ ಅಭ್ಯಾಸ ನಡೆದಿದೆ. ಭಂತೇಜಿಗೆ ಇನ್ನೂ ಹೇಳಿಲ್ಲ.