ಟೆರೇಸಿನ ಜೋಳಕ್ಕೆ ಡಿಎಪಿ ಬಿತ್ತು

ಬೆಳೆ ಹಸಿರಾಗಿ ಬಂತೆಂದು ಅತ್ತವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನನ್ನ ಹೆಂಡತಿ ನಸೀಮಾಳನ್ನೇ.

ಮಿರಜದಲ್ಲಿ ನೆಂಟರೊಬ್ಬರ ಮದುವೆ, ಆಮೇಲೆ ಅವರಿವರ ಮನೆ ಅಂತ ವಾರಗಟ್ಟಲೆ ಸುತ್ತಾಡಿ ಅಥಣಿ ರಸ್ತೆಯ ನಮ್ಮ ಮನೆಗೆ ಮರಳಿದ್ದೆವು. ಬ್ಯಾಗು ಕೆಳಗಿಡುವ ಮೊದಲೇ ಪಕ್ಕದ ಮನೆಯ ಕಾಶೀಬಾಯಿ ಕಾಕಿ ನಮ್ಮಿಬ್ಬರನ್ನೂ ಟೆರೇಸಿಗೆ ಕರೆದೊಯ್ದರು. ಕುಂಡಗಳಲ್ಲಿ ಜೋಳ ಸೊಕ್ಕಿ ನಿಂತಿತ್ತು. ನಾವು ಹೋಗುವಾಗ ಅದು ಸಣಕಲಾಗಿ, ನೋಡಿದವರಿಗೆ ಕನಿಕರ ಬರುವಂತಿತ್ತು. ನೀರು ಹಾಕಲು ಕಾಕಿಗೆ ಕೀಲಿಕೈ ಕೊಟ್ಟಿದ್ದೆವು. ಅವರು ಹೊನವಾಡದ ತಮ್ಮ ದ್ರಾಕ್ಷಿ ತೋಟದಲ್ಲಿ ಉಳಿದಿದ್ದ ಡಿಎಪಿ ಗೊಬ್ಬರವನ್ನೂ ತಂದು ಎಲ್ಲ ಕುಂಡಗಳಿಗೂ ಹಾಕಿದ್ದರು.

“ಪಾಪ, ಉಪಾಸ ನಿಂತಿದ್ದುವು. ಈಗ ನೋಡವಾ, ಹೆಂಗ ಆಗ್ಯಾವ” ಅಂದರು.

ಛಲೋ ಬಂದಾವ್ರಿ ಅಂದಳು ನಸೀಮಾ. ಕೆಳಗಿಳಿದು ಬಂದು ಅಡುಗೆಮನೆಯಲ್ಲಿ ಅತ್ತಳು.

ನನ್ನ ಹೆಂಡತಿ ಸಸ್ಯವಿಜ್ಞಾನಿ. ಓದಿದ್ದು, ದುಡಿದದ್ದು, ತಲೆಗೂದಲು ಬೆಳ್ಳಗಾದದ್ದು ಎಲ್ಲ ಒಂದೇ ವಿಷಯದಲ್ಲಿ: ಗಿಡದ ಬೇರು ಮತ್ತು ಅದರೊಳಗೆ ಸಂಸಾರ ಹೂಡುವ ಶಿಲೀಂಧ್ರ. ಈ ಶಿಲೀಂಧ್ರ ಕೂದಲಿಗಿಂತ ತೆಳ್ಳಗಿನ ಎಳೆಗಳನ್ನು ಮಣ್ಣಿನಲ್ಲಿ ಹರಡಿ, ಬೇರಿಗೆ ಎಟುಕದ ರಂಜಕವೆಂಬ ಪೋಷಕಾಂಶವನ್ನು ತಂದುಕೊಡುತ್ತದೆ. ಬೇರು ಅದಕ್ಕೆ ಸಕ್ಕರೆ ಕೊಡುತ್ತದೆ. ಇಷ್ಟಕ್ಕೆ ಇಡೀ ಆಯುಷ್ಯವಾ? (ಮದುವೆಯಾದ ಹೊಸತರಲ್ಲಿ ನಾನೂ ಕೇಳಿದ್ದೆ. ಬೆಳಗಿನ ಚಹಾಕ್ಕೆ ಶುರುವಾದ ಉತ್ತರ ಮಧ್ಯಾಹ್ನದ ಊಟಕ್ಕೆ ಮುಗಿಯಿತು.)

ಕಷ್ಟ ಏನೆಂದರೆ, ನಮ್ಮ ತಿಕೋಟಾ ಸೀಮೆಯ ದ್ರಾಕ್ಷಿ ಬೆಳೆಗಾರರಿಗೆ ಶಿಲೀಂಧ್ರ ಅಂದರೆ ರೋಗ. ಅದನ್ನು ಕೊಲ್ಲುವ ಔಷಧ ಹೊಡೆದು ಹೊಡೆದು ಅವರ ರಟ್ಟೆ ಬಿದ್ದುಹೋಗಿರುತ್ತದೆ. ಅಂಥವರ ಮುಂದೆ ಹೋಗಿ, ಶಿಲೀಂಧ್ರ ತಂದಿದ್ದೇನೆ, ನಿಮ್ಮ ಬಳ್ಳಿಗೆ ಹಾಕಿ ಅಂದರೆ? ಚಹಾ ಕೊಡುತ್ತಾರೆ, ತೋಟದ ಗೇಟು ತೆಗೆಯುವುದಿಲ್ಲ. ವರ್ಷಗಟ್ಟಲೆ ಹೀಗೇ ನಡೆಯಿತು. ಕೊನೆಗೆ ಬಿಜ್ಜರಗಿಯ ಒಬ್ಬ ರೈತ ಮಹಿಳೆ, ಹೊಸ ಬಳ್ಳಿ ನೆಡುವಾಗ ಒಂದು ಸಾಲಿಗೆ ಹಾಕಿ ನೋಡೋಣ ಅಂದಿದ್ದರು.

ಆ ಸಾಲಿಗೆಂದು ಬೆಳೆಸುತ್ತಿದ್ದ ಶಿಲೀಂಧ್ರವೇ ಟೆರೇಸಿನ ಜೋಳದ ಬೇರಿನಲ್ಲಿದ್ದದ್ದು. ಬಬಲೇಶ್ವರದ ಕಡೆ ಕಲ್ಲುನೆಲದ ಜಾಲಿಗಿಡವೊಂದರ ಬುಡದಿಂದ ನಸೀಮಾ ಕೆದಕಿ ತಂದಿದ್ದಳು. ಅಲ್ಲೀಗ ರಸ್ತೆ ಅಗಲವಾಗಿದೆ, ಜಾಲಿ ಇಲ್ಲ. ಕುಂಡದಲ್ಲಿ ಸತ್ತರೆ ಮುಗಿಯಿತು.

ಗೊಬ್ಬರ ಬಿದ್ದರೆ ಸಾಯುವುದೇಕೆ? ಡಿಎಪಿಯಲ್ಲಿ ರಂಜಕ ಧಾರಾಳ. ಕುಂತಲ್ಲೇ ಸಿಗುವಾಗ ಬೇರು ಶಿಲೀಂಧ್ರಕ್ಕೆ ಯಾಕೆ ಸಕ್ಕರೆ ಕೊಟ್ಟೀತು? ಮೆಲ್ಲಗೆ ನಿಲ್ಲಿಸಿಬಿಡುತ್ತದೆ. ಬೇರೆ ಊಟವಿಲ್ಲದ ಶಿಲೀಂಧ್ರ ಸಾಯುತ್ತದೆ. ಅದಕ್ಕೇ ನಸೀಮಾ ಜೋಳವನ್ನು ಬೇಕೆಂದೇ ಅರೆಹೊಟ್ಟೆಯಲ್ಲಿ ಇಟ್ಟಿದ್ದಳು.

ಮರುದಿನ ಒಂದಿಷ್ಟು ಬೇರು ತೊಳೆದು, ನೀಲಿ ಬಣ್ಣದಲ್ಲಿ ಅದ್ದಿ, ಮನೆಯಲ್ಲಿರುವ ಮೈಕ್ರೋಸ್ಕೋಪಿನಲ್ಲಿ ನೋಡಿದಳು. ಶಿಲೀಂಧ್ರ ಇದ್ದರೆ ಬೇರಿನೊಳಗೆ ನೀಲಿ ಎಳೆಗಳು ಕಾಣಬೇಕು. ಹೊಸ ಬೇರೆಲ್ಲ ಖಾಲಿ. ಮಣ್ಣಿನಲ್ಲಿ ಅದರ ಬೀಜಕಣ ಎಲ್ಲಾದರೂ ಉಳಿದಿರಬಹುದು ಅನ್ನುವ ಆಸೆಯಿಂದ, ಗೊಬ್ಬರದ ಅಂಶ ತೆಳುವಾಗಲೆಂದು ಅದೇ ಮಣ್ಣಿಗೆ ಬೇಕಾದಷ್ಟು ಮರಳು ಬೆರೆಸಿ ಮತ್ತೆ ಜೋಳ ಬಿತ್ತಿದಳು.

ಇದನ್ನು ಕಾಕಿಗೆ ಹೇಳಬೇಕಾ? ಬೇಡ ಅಂದೆ ನಾನು. ಪ್ರೀತಿಯಿಂದ ಮಾಡಿದವರನ್ನು ನೋಯಿಸುವುದೇಕೆ? ಅವಳು ನನ್ನ ಮಾತು ಕೇಳಲಿಲ್ಲ, ಹೋಗಿ ಪೂರ್ತಿ ಹೇಳಿಯೇ ಬಂದಳು. ಕಾಕಿ ಒಂದೆರಡು ದಿನ ಮುಖ ತೋರಿಸಲಿಲ್ಲ. ಆಮೇಲೆ ತಾವೇ ಬಂದು ನೀರು ಹಾಕುವ ಕೆಲಸ ಮತ್ತೆ ಹಿಡಿದರು. ಕೂಸು ಅತ್ತರೂ ಎತ್ತಿಕೊಳ್ಳಬಾರದು ಅಂದರೆ ಅಜ್ಜಿಯರು ಪಡುವ ಸಂಕಟ ಅವರ ಮುಖದಲ್ಲಿ. ಆದರೂ ಕೈ ತಡೆದುಕೊಂಡರು.

ಜೋಳ ತೆನೆ ಹಾಯುವ ಹೊತ್ತಿಗೆ ಬಿಜ್ಜರಗಿಯಲ್ಲಿ ಬಳ್ಳಿ ನೆಡುವ ವೇಳೆಯೂ ಹತ್ತಿರವಾಯಿತು. ನಸೀಮಾ ಮತ್ತೆ ಬೇರು ತೊಳೆದು ನೋಡಿದಳು. ಎದ್ದು ನನ್ನನ್ನು ಕುರ್ಚಿಯಲ್ಲಿ ಕೂರಿಸಿದಳು. ಬೇರಿನ ತುಂಬ ನೀಲಿ ಎಳೆ, ಗಿಜಿಗಿಜಿ. ನನಗಾದ ಖುಷಿ ಅಷ್ಟಿಷ್ಟಲ್ಲ. ಒಂದು ಸಾಲಿಗೆ ಸಾಕಾಗುತ್ತದೆ ಅಂದಳು. ಕಾಕಿಯನ್ನು ಕರೆದು ತೋರಿಸಿದೆವು.

“ಉಳೀತಲ್ಲ. ಇನ್ನರ ಜ್ವಾಳಕ್ಕ ಹೊಟ್ಟಿತುಂಬ ಹಾಕಲೇನು?” ಅಂದರು ಕಾಕಿ.

“ಬ್ಯಾಡ್ರಿ ಕಾಕಿ. ಹೊಟ್ಟಿ ತುಂಬಿದ್ರ ಬೇರಿಗೂ ಮಂದಿ ಬೇಕಾಗಂಗಿಲ್ಲ” ಅಂದಳು ನಸೀಮಾ.

ವಿಜ್ಞಾನ ಹೇಳಿದಳೋ, ನಮ್ಮ ಲೇಔಟಿನ ಸುದ್ದಿ ಹೇಳಿದಳೋ? ನಾವಿಲ್ಲಿ ಮನೆ ಕಟ್ಟಿದಾಗ ಎಲ್ಲರಿಗೂ ಸೇರಿ ನೀರಿನ ಟ್ಯಾಂಕರ್ ಒಂದೇ. ಕೊಡ ಹಿಡಿದು ನಿಂತು ನಿಂತೇ ಇಡೀ ಓಣಿಯ ಪರಿಚಯವಾಯಿತು. (ಕಾಕಿ ಸಿಕ್ಕಿದ್ದೂ ಅಲ್ಲೇ, ಜಗಳದಲ್ಲಿ.) ಈಗ ಮನೆಗೊಂದು ಬೋರ್‌ವೆಲ್, ಇನ್ವರ್ಟರ್, ಕಾರು. ಯಾರಿಗೂ ಏನೂ ಕಡಿಮೆಯಿಲ್ಲ.

ಹೌದು, ನಿಮ್ಮ ಎದುರು ಮನೆಯವರ ಹೆಸರೇನು?