ವಂದನಾರ್ಪಣೆಯ ಸಿದ್ದಲಿಂಗಯ್ಯ

ತ್ಯಾಗರಾಜನಗರದಲ್ಲಿ ಯಾವ ಸಮಾರಂಭ ನಡೆದರೂ ವಂದನಾರ್ಪಣೆ ಸಿದ್ದಲಿಂಗಯ್ಯನವರದೇ. ರಾಜ್ಯೋತ್ಸವವಾಗಲಿ, ಗಣೇಶನ ಪೆಂಡಾಲಾಗಲಿ, ಜನ ಎದ್ದು ಚಪ್ಪಲಿ ಹುಡುಕುವ ಹೊತ್ತಿಗೆ ಮೈಕು ಅವರ ಕೈಗೆ ಬರುತ್ತಿತ್ತು. ಶಾಮಿಯಾನದವನಿಂದ ಹಿಡಿದು ಕುಡಿಯುವ ನೀರು ಇಟ್ಟವನವರೆಗೆ ಒಬ್ಬರನ್ನೂ ಬಿಡದೆ ನೆನೆಯುತ್ತಿದ್ದರು. ಕೇಳಲು ಯಾರೂ ಉಳಿದಿರುತ್ತಿರಲಿಲ್ಲ ಎಂಬುದು ಬೇರೆ ಮಾತು.

ತೊಂದರೆಯೆಂದರೆ, ಅವರಿಗೆ ಬೇರೆ ಥರ ಮಾತಾಡಲು ಬರುತ್ತಿರಲಿಲ್ಲ. ಅವರು ಮಿಕ್ಸಿ ಕಂಪನಿಯೊಂದರ ಬನಶಂಕರಿ ರಿಪೇರಿ ಕೌಂಟರಿನ ಉಸ್ತುವಾರಿ. ಹೊಸ ಮಿಕ್ಸಿಗಳೂ ಅಲ್ಲೇ ಮಾರಾಟಕ್ಕಿದ್ದವು. ಜೆ.ಪಿ. ನಗರದ ಹೆಡ್ಡಾಫೀಸಿನಲ್ಲಿ ವರದಿ ಒಪ್ಪಿಸಲು ನಿಂತರೆ ಮಾಲೀಕರು, ಮ್ಯಾನೇಜರು, ಕಾಫಿ ತಂದವರು ಎಲ್ಲರಿಗೂ ಸ್ವಾಗತ ಕೋರಿ ಮುಗಿಸುವಷ್ಟರಲ್ಲಿ ಅವರ ಸಮಯ ಮುಗಿದಿರುತ್ತಿತ್ತು. ಇಷ್ಟು ವರ್ಷ ಅದು ನಡೆಯಿತು. ಈಗ ಬನಶಂಕರಿ ಕೌಂಟರನ್ನೇ ಮುಚ್ಚಿ ಎಲ್ಲ ರಿಪೇರಿಯನ್ನೂ ಹೊಸಕೋಟೆಗೆ ಸಾಗಿಸುವ ಯೋಚನೆ ಹೊರಟಿತ್ತು. ಸಿದ್ದಲಿಂಗಯ್ಯನವರನ್ನೂ ಸೇರಿಸಿಯೇ. ಮನೆಯಿಂದ ನಡೆದು ಕೆಲಸಕ್ಕೆ ಹೋಗುವ ಮನುಷ್ಯ ಐವತ್ತಾರನೇ ವಯಸ್ಸಿನಲ್ಲಿ ದಿನಾ ಎರಡು ಬಸ್ಸು ಬದಲಿಸಬೇಕು. ಮುಚ್ಚಬಾರದೆನ್ನುವುದಾದರೆ ಸೋಮವಾರ ಐದು ನಿಮಿಷ ಮಾತಾಡಿ, ಎಂದಿದ್ದರು ಹೆಡ್ಡಾಫೀಸಿನವರು.

ಹೊಸ ಮ್ಯಾನೇಜರ್ ರೇವಂತ್ ಒಳ್ಳೆಯ ಹುಡುಗ. ಫೋನು ಮಾಡಿ, "ಸಾರ್, ಪ್ಲೀಸ್, ಫಸ್ಟ್ ಸೆಂಟೆನ್ಸಲ್ಲೇ ವಿಷಯ ಹೇಳ್ಬಿಡಿ. ಸ್ವಾಗತ ಗೀಗತ ಏನೂ ಬೇಡ," ಎಂದು ಬೇಡಿಕೊಂಡಿದ್ದ.

ಭಾನುವಾರವಿಡೀ ಅಭ್ಯಾಸ ನಡೆಯಿತು. ಹೆಂಡತಿ ಜಯಶೀಲಾ ಅವರೇಕಾಯಿ ಸುಲಿಯುತ್ತ ಸಭಿಕರಾಗಿ ಕುಳಿತರು. ಸಿದ್ದಲಿಂಗಯ್ಯ "ವೇದಿಕೆಯ ಮೇಲೆ ಆಸೀನರಾಗಿರುವ" ಎಂದಾಗಲೆಲ್ಲ ಒಂದು ಅವರೇಕಾಯಿ ಹಾರಿಬಂದು ಎದೆಗೆ ಬಡಿಯುತ್ತಿತ್ತು. ಸಂಜೆಯ ಹೊತ್ತಿಗೆ ಸ್ವಾಗತ ಬಿಟ್ಟುಹೋಗಿತ್ತು. ಅದರ ಜೊತೆಗೆ ಉತ್ಸಾಹವೂ.

ಸೋಮವಾರ ಸರದಿ ಬಂದಾಗ ರೇವಂತ್ ಫೋನಿನಲ್ಲಿ ಐದು ನಿಮಿಷದ ಟೈಮರ್ ಒತ್ತಿದ. ಸಿದ್ದಲಿಂಗಯ್ಯ ಎದ್ದು ನಿಂತು, ಯಾರ ಹೆಸರನ್ನೂ ಎತ್ತದೆ, "ಬನಶಂಕರಿ ಕೌಂಟರ್ ಮುಚ್ಚಬಾರದು," ಎಂದರು.

ಆಮೇಲೆ ಏನೂ ಹೊಳೆಯಲಿಲ್ಲ. ವಿಷಯ ಮೊದಲ ವಾಕ್ಯಕ್ಕೇ ಖಾಲಿಯಾಗಿತ್ತು. ರೇವಂತ್ ಹಣೆ ಒತ್ತಿಕೊಂಡ. ಸಿದ್ದಲಿಂಗಯ್ಯನವರ ಕಣ್ಣ ಮುಂದೆ ಹೊಸಕೋಟೆಯ ಬಸ್ಸು, ಅದರ ಫುಟ್‌ಬೋರ್ಡಿನ ಸಮೇತ, ಬಂದು ನಿಂತಿತು.

ಮಾಲೀಕ ಚಲುವರಾಜು ವಯಸ್ಸಾದವರು. ಊಟದ ಹೊತ್ತು ಬೇರೆ ಮೀರಿತ್ತು. "ಇಷ್ಟೇನಾ?" ಎಂದು ಆಕಳಿಸಿದರು. "ಹೋಗ್ಲಿ ಬಿಡಿ. ಕೊನೆಯವರು ನೀವೇ ತಾನೆ? ಹೆಂಗೂ ನಿಂತಿದೀರ, ಹಂಗೇ ಒಂದು ವಂದನಾರ್ಪಣೆ ಮುಗಿಸ್ಬಿಡಿ. ಊಟಕ್ಕೆ ಏಳೋಣ."

ಸಿದ್ದಲಿಂಗಯ್ಯ ಕೈಜೋಡಿಸಿದರು. ಸಭೆಯಲ್ಲಿದ್ದವರನ್ನು ಬೇಗ ಬೇಗ ಮುಗಿಸಿ, ಅಭ್ಯಾಸಬಲದಿಂದ ಹೊರಗಿನವರಿಗೆ ಇಳಿದರು. ಜಾರನ್ನು ಸೆರಗಿನಲ್ಲಿ ಸುತ್ತಿಕೊಂಡು ನಡೆದೇ ಬರುವ ಕೆಂಪಕ್ಕನಿಗೆ ವಂದನೆ. ಜಾರು ರಿಪೇರಿಯಾಗುವವರೆಗೆ ಸುಮ್ಮನೆ ಕೂರಲಾರದೆ ಮಗಳಿಗೊಂದು, ಸೊಸೆಗೊಂದು ಮಿಕ್ಸಿ ಕೊಂಡದ್ದಕ್ಕೆ. ನಮ್ಮ ಬಾಗಿಲು ಹಾಕಿದ್ದಾಗ ಗಿರಾಕಿಗಳ ಸುಟ್ಟ ಮೋಟರುಗಳನ್ನು ತನ್ನ ಹೂಬುಟ್ಟಿಯ ಪಕ್ಕ ಇರಿಸಿಕೊಳ್ಳುವ ಮುನಿವೆಂಕಟಮ್ಮನಿಗೆ ವಂದನೆ.

"ಕೊನೆಯದಾಗಿ, ನಮ್ಮನ್ನ ಬೈಯೋಕೆ ಬರೋ ಗ್ರಾಹಕ ಮಹಾಶಯರಿಗೆ. ಬೈಯೋಕಂತ ಯಾರೂ ಹೊಸಕೋಟೆ ತನಕ ಹೋಗಲ್ಲ ಸಾರ್. ಸುಮ್ಮನೆ ಬೇರೆ ಕಂಪನಿ ಮಿಕ್ಸಿ ತಗೋತಾರೆ. ಇವರು ಬನಶಂಕರಿಗೆ ಬಂದು, ಬಾಯ್ತುಂಬ ಬೈದು, ಸುಸ್ತಾಗಿ ನೀರು ಕುಡಿದು, ಮತ್ತೆ ನಮ್ಮದನ್ನೇ ತಗೊಂಡು ಹೋಗ್ತಾರೆ. ಅವರಿಗೆ ಅನಂತಾನಂತ ವಂದನೆಗಳು."

ಟೈಮರ್ ಕೂಗಿತು. ರೇವಂತ್ ಅದರ ಬಾಯಿ ಮುಚ್ಚಿಸಿದ. ಚಲುವರಾಜು ಊಟಕ್ಕೆ ಏಳಲಿಲ್ಲ. ಕೌಂಟರು ಯುಗಾದಿಯವರೆಗೆ ಇರಲಿ, ಆಮೇಲೆ ನೋಡೋಣ, ಎಂದರು. ಒಂದೇ ಷರತ್ತು: ಸಿದ್ದಲಿಂಗಯ್ಯ ಪ್ರತಿ ತಿಂಗಳೂ ಬಂದು ಹೀಗೆಯೇ ಮಾತಾಡಬೇಕು.

ಸಂಜೆ ಮನೆಗೆ ಬಂದವರು ಚಪ್ಪಲಿ ಬಿಚ್ಚಲೂ ತ್ರಾಣವಿಲ್ಲದೆ ಕುರ್ಚಿಗೆ ಒರಗಿದರು. ನಡೆದದ್ದನ್ನೆಲ್ಲ ಹೇಳಿ, "ಪ್ರತಿ ತಿಂಗಳಂತೆ. ಇದಕ್ಕಿಂತ ಹೊಸಕೋಟೇನೇ ವಾಸಿಯಿತ್ತು ಕಣೆ," ಎಂದರು.

ಜಯಶೀಲಾ ಅವರೇಕಾಳಿನ ಸಾರಿಗೆ ಒಗ್ಗರಣೆ ಹಾಕಿ ಈಚೆ ಬಂದರು. "ಅಲ್ಲಾ ರೀ, ಹೂವಿನ ಮುನಿವೆಂಕಟಮ್ಮನ್ನೂ ಬಿಡದೆ ನೆನೆದ್ರಲ್ಲ, ಭಾನುವಾರ ಪೂರ್ತಿ ಕೂತು ಕೇಳಿದವಳನ್ನ ನೆನೆದ್ರಾ?"

ಇಷ್ಟು ವರ್ಷಗಳ ವಂದನಾರ್ಪಣೆಯಲ್ಲಿ ಆ ಹೆಸರು ಒಮ್ಮೆಯೂ ಬಂದಿರಲಿಲ್ಲ. ಸಿದ್ದಲಿಂಗಯ್ಯ ಕುರ್ಚಿಯ ಕೈ ಹಿಡಿದು ನಿಧಾನಕ್ಕೆ ಎದ್ದರು, ಗಂಟಲು ಸರಿಮಾಡಿಕೊಂಡರು.

"ಕೂತ್ಕೊಂಡೇ ಹೇಳ್ರೀ," ಎಂದರು ಜಯಶೀಲಾ. "ಸುಸ್ತಾಗಿದೀರ."